ಮೊದಲ ಸ್ಟಾರ್ಟ್‌ಗೆ ಅವಳಿರಲಿಲ್ಲ

ಲಾರಿಯ ಕ್ಯಾಬಿನ್ನಿನಲ್ಲಿ ಮಂಡಿಯೂರಿ ಕೂತು ಅವಳು ಡ್ರೈವರ್ ಸೀಟಿನ ಹಳೆಯ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳುತ್ತಿದ್ದಳು. ಮೊಳೆ ಬಿಟ್ಟ ಕಡೆಯಲ್ಲೆಲ್ಲ ರೆಕ್ಸಿನ್ ಸಿಪ್ಪೆಯ ಹಾಗೆ ಸುಲಿದು ಬರುತ್ತಿತ್ತು. ಒಳಗಿನ ನಾರು ಎಷ್ಟೋ ವರ್ಷಗಳ ಧೂಳು ಕುಡಿದು ಹೆಂಟೆ ಕಟ್ಟಿತ್ತು. ಅದನ್ನು ಎರಡೂ ಕೈಯಲ್ಲಿ ಬಾಚಿ, ಕಾಲಬುಡದಲ್ಲಿ ಹಲಗೆಯಿಲ್ಲದೆ ಬಾಯಿ ತೆರೆದಿದ್ದ ಜಾಗಕ್ಕೆ ಸುರಿದಳು.

ಕೆಳಗಿನಿಂದ ಯಾರೋ ಕೆಮ್ಮಿದರು!

"ಯಾರ್ರೀ ಅದು ಮೇಲೆ? ಬದುಕಿರೋರನ್ನೇ ಹೂಳ್ತಾ ಇದೀರಲ್ಲ!"

ಅವಳು ಬೆಚ್ಚಿ ಬಗ್ಗಿ ನೋಡಿದಳು. ಇಂಜಿನ್ ಪಕ್ಕದ ಸಂದಿಯಲ್ಲಿ ಅಂಗಾತ ಮಲಗಿದ್ದ ಒಬ್ಬ ಗಂಡಸು. ಮುಖವೆಲ್ಲ ಧೂಳು, ಕಾಣಿಸುತ್ತಿದ್ದದ್ದು ಎರಡು ಕಣ್ಣು ಮಾತ್ರ. ಆ ಕಣ್ಣಿನಲ್ಲಿ ಸಿಟ್ಟಿತ್ತೋ ನಗುವಿತ್ತೋ, ಅವಳಿಗೆ ತಿಳಿಯಲಿಲ್ಲ.

"ಕೆಳಗೆ ಜನ ಇದಾರೆ ಅಂತ ನನಗೇನು ಕನಸು ಬಿದ್ದಿತ್ತಾ? ಒಂದು ಸದ್ದಾದ್ರೂ ಮಾಡಬಾರದಾ?"

"ಸದ್ದು ಮಾಡೋದು ಇಂಜಿನ್ ಕೆಲಸ ಕಣ್ರೀ. ನಾನು ಬರೀ ರಿಪೇರಿ ಮಾಡೋನು."

ನಗಬಾರದು ಅಂದುಕೊಂಡಳು. ಆದರೂ ನಕ್ಕುಬಿಟ್ಟಳು...

ಅವರ ಮೊದಲ ಭೇಟಿ ಹೀಗಾಯಿತು.

ಆ ತಗಡಿನ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹಳೆಯ ಗಾಡಿಗಳೆಂದರೆ ಅವನಿಗೆ ಜೀವ. ಬೇರೆಯವರು ಗುಜರಿಗೆ ತೂಕಕ್ಕೆ ಹಾಕುವುದನ್ನು ಇವನು ತಂದು, ಬಿಚ್ಚಿ, ತೊಳೆದು, ಮತ್ತೆ ಉಸಿರಾಡಿಸುತ್ತಿದ್ದ. ಅವಳು ಗಾಡಿಗಳ ಸೀಟು ಹೊಲಿಯುವವಳು. ಅಪ್ಪ ಬಿಟ್ಟುಹೋದ ಹೊಲಿಗೆ ಯಂತ್ರ, ಅಪ್ಪ ಕಲಿಸಿಹೋದ ಕೆಲಸ. ಇಡೀ ಬೀದಿಗೆ ಅವಳು ಸೀಟಮ್ಮ.

ಲಾರಿ ಒಬ್ಬ ಮುದುಕರದು. ಹರೆಯದಲ್ಲಿ ಅವರು ಓಡಿಸಿದ ಮೊದಲ ಗಾಡಿ ಅದು. ಗೋದಾಮಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ನಿಂತಿದ್ದನ್ನು ಎಳೆಸಿಕೊಂಡು ಬಂದು, "ನಾನು ಕಿವುಡಾಗೋದ್ರೊಳಗೆ ಇದರ ಧ್ವನಿ ಇನ್ನೊಂದ್ಸಲ ಕೇಳಿಸ್ರಪ್ಪಾ," ಎಂದಿದ್ದರು. ಶೆಡ್ಡಿನಲ್ಲಿ ಎಲ್ಲರಿಗೂ ಅವರು ತಾತ.

ಸೀಟಿನ ಕೆಲಸ ಬೇಗ ಮುಗಿಯಿತು. ಆದರೂ ಅವಳು ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ.

"ಅದೇನು ಸೀಟೋ ಸಿಂಹಾಸನಾನೋ? ಮುಗಿಯೋ ಹಾಗೇ ಕಾಣಲ್ವಲ್ಲ!" ಎಂದು ಅತ್ತಿಗೆ ಒಲೆಯ ಮುಂದಿನಿಂದಲೇ ಚುಚ್ಚಿದಳು.

"ಬಾಗಿಲಿನ ಒಳಪಟ್ಟಿ ಬಾಕಿ ಇದೆ ಅತ್ತಿಗೆ."

"ಹೂಂ, ಹೂಂ. ನಾಳೆ ಚಕ್ರಕ್ಕೂ ಕುಲಾವಿ ಹೊಲೀತೀನಿ ಅಂತೀಯ ನೀನು."

ಅತ್ತಿಗೆಯ ಮಾತಿನಲ್ಲಿ ತಮಾಷೆಯ ಜೊತೆ ಚಿಂತೆಯೂ ಇತ್ತು. ದೂರದ ನಗರದ ಬಸ್ ಕಾರ್ಖಾನೆಯಿಂದ ಕಾಗದ ಬಂದು ಕಪಾಟಿನಲ್ಲಿ ಕೂತಿತ್ತು. ಸೀಟು ವಿಭಾಗದಲ್ಲಿ ಕೆಲಸ, ಇರಲು ಕೋಣೆ. ಬರುತ್ತೀರೋ ಇಲ್ಲವೋ ತಿಳಿಸಿ ಎಂದಿದ್ದರು. ಅವಳು ಉತ್ತರ ಬರೆದಿರಲಿಲ್ಲ. ನೆನಪಿಸುವ ಎರಡನೆಯ ಕಾಗದವೂ ಬಂದಾಗಿತ್ತು.

'ಇಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಏನು?' ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು. ಹೇಳಿಕೊಳ್ಳಲು ಭಯ.

ಶೆಡ್ಡಿನಲ್ಲಿ ಅವಳು ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಗಳಲ್ಲಿ ಬೇರೆ ಬೇರೆ ಇಡುತ್ತಿದ್ದಳು. ಅವನು ಇಂಜಿನ್ನಿನ ಕೆಳಗೆ ಮಲಗಿದಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ದೀಪ ಹಿಡಿಯುತ್ತಿದ್ದಳು. ಅತ್ತಿಗೆಯ ಮಾತುಗಳನ್ನು ಅತ್ತಿಗೆಯ ಹಾಗೇ ಆಡಿ ತೋರಿಸುತ್ತಿದ್ದಳು. ಅವನು ಕಡಿಮೆ ಮಾತಾಡುತ್ತಿದ್ದ, ಕೇಳುತ್ತಿದ್ದ.

ಒಮ್ಮೆ ಅವನೇ ಹೇಳಿದ್ದ. "ನನ್ನ ಶೆಡ್ಡಲ್ಲಿ ಒಂದು ಪದ್ಧತಿ ಇದೆ ಸೀಟಮ್ಮೋರೆ. ಸತ್ತ ಇಂಜಿನ್ನಿಗೆ ಜೀವ ಬಂದಾಗ, ಅದಕ್ಕೆ ಕೈ ಹಾಕಿದೋರೆಲ್ಲ ಎದುರಿಗೆ ಇರಬೇಕು. ಒಬ್ಬನೇ ಯಾವತ್ತೂ ಸ್ಟಾರ್ಟ್ ಮಾಡಲ್ಲ."

"ನಾನೂನಾ? ನಾನು ಬರೀ ಬೋಲ್ಟ್ ತೊಳೆದೋಳು."

"ನೀವಿಲ್ದೆ ಮಾಡ್ತೀನಾ?"

ಆ ಮಾತನ್ನು ಅವಳು ಮನೆಗೆ ಒಯ್ದಿದ್ದಳು. ಹಾಸಿಗೆ ಹಾಸುವಾಗ, ಬಟ್ಟೆ ಮಡಿಸುವಾಗ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ್ದಳು. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಅದು ಮುರಿದಾಗ ಅಣ್ಣನಿಗೆ ತಿಳಿಯಿತು, ನೆಂಟರಿಗೆ ತಿಳಿಯಿತು, ಬೀದಿಗೆ ತಿಳಿಯಿತು. ಅವಳಿಗೆ ತಿಳಿದದ್ದು ಎಲ್ಲರಿಗಿಂತ ಕೊನೆಗೆ. 'ಪಾಪ, ನೊಂದುಕೊಳ್ಳುತ್ತಾಳೆ' ಎಂದು ಮುಚ್ಚಿಟ್ಟಿದ್ದರಂತೆ. ಮದುವೆ ಮುರಿದ ನೋವು ಎಂದೋ ಆರಿತ್ತು. ತನ್ನ ಬದುಕಿನ ವಿಷಯದಲ್ಲಿ ತಾನೇ ಹೊರಗಿನವಳಾದ ನೋವು ಮಾತ್ರ ಹಾಗೇ ಇತ್ತು.

ಸ್ಟಾರ್ಟ್ ಮಾಡುವ ದಿನ ನಿಗದಿಯಾಯಿತು. ಅಂದು ಬೆಳಿಗ್ಗೆ ಮೇಸ್ತ್ರಿ ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಅವಳು ಹೋದಳು. ಲಾರಿಯ ಮೂತಿಯನ್ನು ಪ್ರೀತಿಯಿಂದ ಸವರಲೆಂದು ಬಾನೆಟ್ಟಿನ ಮೇಲೆ ಕೈ ಇಟ್ಟಳು.

ಬೆಚ್ಚಗಿತ್ತು!

ಕೈ ಹಿಂದಕ್ಕೆಳೆದುಕೊಂಡಳು. ಮತ್ತೆ ಇಟ್ಟಳು. ಬಿಸಿಲು ಇನ್ನೂ ಶೆಡ್ಡಿನೊಳಗೆ ಬಂದಿರಲಿಲ್ಲ. ಗಾಳಿಯಲ್ಲಿ ಸುಟ್ಟ ಪೆಟ್ರೋಲಿನ ವಾಸನೆಯಿತ್ತು.

ಅವನು ಮೂಲೆಯಲ್ಲಿ ಚಿಂದಿಬಟ್ಟೆಗೆ ಕೈ ಒರೆಸುತ್ತಾ ನಿಂತಿದ್ದ. ಅವಳ ಮುಖ ನೋಡಲಿಲ್ಲ.

"ಸ್ಟಾರ್ಟ್ ಮಾಡಿದ್ರಾ?"

"...ಹೂಂ."

"ನಾನಿಲ್ದೆ?"

"ಸುಮ್ನೆ... ಒಂದ್ಸಲ ನೋಡೋಣ ಅಂತ. ಇವತ್ತು ಬೇಡ ಸೀಟಮ್ಮೋರೆ. ತಾತನಿಗೂ ಹೇಳಿ ಕಳಿಸ್ತೀನಿ. ಇನ್ನೊಂದು ದಿನ ಇಟ್ಕೊಳ್ಳೋಣ."

"ಇನ್ನೊಂದು ದಿನ ಯಾವುದನ್ನ ಇಟ್ಕೊಳ್ಳೋದು? ಮೊದಲನೇದು ಮುಗಿದೋಯ್ತಲ್ಲ!"

ಅವನು ಮತ್ತೆ ಚಿಂದಿಬಟ್ಟೆಗೆ ಕೈ ಒರೆಸತೊಡಗಿದ.

ಅದು ಅವಳ ಎದೆಗೆ ಸೂಜಿಯ ಹಾಗೆ ಇಳಿಯಿತು. 'ನಾನು ಸೀಟು ಹೊಲಿಯುವವಳು, ಅಷ್ಟೇ. ಉಳಿದದ್ದೆಲ್ಲ ನಾನೇ ಕಟ್ಟಿಕೊಂಡದ್ದು...'

ತಿರುಗಿ ನೋಡದೆ ಹೊರಟುಬಂದಳು. ಮನೆಗೆ ಬಂದವಳೇ ಕಪಾಟು ತೆರೆದು, ಹಾಳೆ ತೆಗೆದು, ಕಾರ್ಖಾನೆಗೆ 'ಬರುತ್ತೇನೆ' ಎಂದು ಬರೆದಳು. ಅಕ್ಷರಗಳು ಹೊಲಿಗೆಯಷ್ಟು ನೇರವಾಗಿದ್ದವು. ಕಣ್ಣು ಮಾತ್ರ ತುಂಬಿತ್ತು.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. ಈ ಸಲ ಚುಚ್ಚಲಿಲ್ಲ.

"ಹೋಗೋದಾದ್ರೆ ಹೋಗು ಪುಟ್ಟಿ. ಆದ್ರೆ ಅತ್ಕೊಂಡು ಹೋಗ್ಬೇಡ. ಸಾಮಾನೆಲ್ಲ ಅಲ್ಲೇ ಬಿಟ್ಟು ಬಂದಿದೀಯಲ್ಲ, ಅದನ್ನಾದ್ರೂ ತಗೊಂಡು ಬಾ."

ನಿಜ. ಅಪ್ಪನ ಇಕ್ಕಳ, ಬಾಗಿದ ಸೂಜಿಗಳು, ಸುತ್ತಿಗೆ ಎಲ್ಲವೂ ಶೆಡ್ಡಿನಲ್ಲೇ ಇದ್ದವು. ಮಧ್ಯಾಹ್ನ, ಅವನು ಊಟಕ್ಕೆ ಹೋಗಿರುವ ಹೊತ್ತು ಎಂದು ಲೆಕ್ಕ ಹಾಕಿ ಹೋದಳು. ಕಾಗದ ಕೈಚೀಲದಲ್ಲಿತ್ತು. ದಾರಿಯಲ್ಲೇ ಅಂಚೆ ಡಬ್ಬಕ್ಕೆ ಹಾಕಿಬಿಡಬಹುದಿತ್ತು. ಯಾಕೋ, ಬರುವಾಗ ಹಾಕಿದರಾಯಿತು ಎಂದುಕೊಂಡಳು.

ಅವನು ಊಟಕ್ಕೆ ಹೋಗಿರಲಿಲ್ಲ. ಲಾರಿಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಪಕ್ಕದ ತೊಟ್ಟಿಯಲ್ಲಿ ಹೊಸ ಆಯಿಲ್ ಪೂರ್ತಿ ಬಸಿದು ನಿಂತಿತ್ತು. ಇಂಜಿನ್ನಿನ ತಳದ ಬೋಗುಣಿಯನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದ.

ಅವಳಿಗೆ ಅರ್ಥವಾಗಲಿಲ್ಲ. ಓಡಿದ ಇಂಜಿನ್ನನ್ನು ಯಾರಾದರೂ ಮತ್ತೆ ಬಿಚ್ಚುತ್ತಾರೆಯೇ?

"ಏನಾಯ್ತು?" ಬೇಡವೆಂದರೂ ಬಾಯಿಂದ ಬಂತು.

ಕಾಲುಗಳು ಅಲುಗಾಡುವುದನ್ನು ನಿಲ್ಲಿಸಿದವು.

"...ಬಡೀತಿತ್ತು."

"ಏನು?"

"ಒಳಗೆ ಟಕ್ ಟಕ್ ಅಂತ ಬಡೀತಿತ್ತು. ಮೊನ್ನೆ ಕೈಯಲ್ಲಿ ತಿರುಗಿಸಿದಾಗ್ಲೇ ಒಂದು ಕಡೆ ಬಿಗಿ ಅನ್ನಿಸ್ತು. ಅನುಮಾನ ಬಂತು. ನಿಮ್ಮ ಮುಂದೆ, ತಾತನ ಮುಂದೆ ಸ್ಟಾರ್ಟ್ ಮಾಡಿ ಇಂಜಿನ್ ಒಡೆದೋದ್ರೆ ಅಂತ ಬೆಳಿಗ್ಗೆ ಒಬ್ಬನೇ ನೋಡ್ದೆ. ಅಷ್ಟರಲ್ಲಿ ನೀವು ಬಂದ್ರಿ."

"ಅದನ್ನ ಅವಾಗ್ಲೇ ಹೇಳಕ್ಕೆ ಏನು ರೋಗ?"

ಅವನು ಮೆಲ್ಲಗೆ ಹೊರಗೆ ಜರುಗಿ ಎದ್ದು ಕೂತ. ಅಂಗೈಯಲ್ಲಿ ಅರ್ಧ ಬಳೆಯಂಥ ಉಕ್ಕಿನ ತುಂಡೊಂದಿತ್ತು.

"ಇದು ಬೇರಿಂಗ್ ಮೇಲೆ ಕೂರೋ ಮುಚ್ಚಳ. ಇದಕ್ಕೂ ಇದರ ರಾಡಿಗೂ ಹುಟ್ಟಿದಾಗಿಂದ ಜೋಡಿ. ಎರಡಕ್ಕೂ ಒಂದೇ ನಂಬರ್ ಹೊಡೆದಿರ್ತಾರೆ. ಆ ನಂಬರ್ ಎರಡೂ ಒಂದೇ ಕಡೆ ಬರಬೇಕು. ಕೆಲಸ ಕಲಿಯೋಕೆ ಬಂದೋರಿಗೆ ಮೊದಲನೇ ವಾರ ಹೇಳ್ಕೊಡೋ ಪಾಠ. ನಾನು ಉಲ್ಟಾ ಕೂರಿಸಿಬಿಟ್ಟಿದೀನಿ."

"ನೀವಾ!"

"ನಾನೇ."

"ಹೇಗೆ?"

ಅವನು ಆ ತುಂಡನ್ನು ಬಟ್ಟೆಯಿಂದ ಒರೆಸಿದ. ಒರೆಸಲು ಅಲ್ಲೇನೂ ಉಳಿದಿರಲಿಲ್ಲ. ಮತ್ತೂ ಒರೆಸಿದ.

"ಅವತ್ತು ದೀಪ ಹಿಡಿದಿದ್ದು ನೀವು."

"ಓಹೋ! ಹಾಗಾದ್ರೆ ತಪ್ಪು ನನ್ನ ತಲೆಗಾ?"

"ಅಲ್ಲ... ಅಲ್ಲ. ನೀವು ದೀಪ ಸರಿಯಾಗೇ ಹಿಡಿದಿದ್ರಿ. ಅತ್ತಿಗೆ ಕಥೆ ಹೇಳ್ತಾ ನಗ್ತಾ ಇದ್ರಿ. ಬೆಳಕೆಲ್ಲ ನಂಬರ್ ಮೇಲೇ ಇತ್ತು. ನಾನೇ ನಂಬರ್ ನೋಡ್ಲಿಲ್ಲ."

ಶೆಡ್ಡಿನ ಹೊರಗೆ ಯಾರದೋ ಸೈಕಲ್ ಹಾದುಹೋಯಿತು.

"ಹೇಗೆ ತಪ್ಪಾಯ್ತು ಅಂತ ಬೆಳಿಗ್ಗೆ ಕೇಳಿದ್ರೆ ಇದನ್ನ ಹೇಳ್ಬೇಕಾಗ್ತಿತ್ತು," ಎಂದ ತಲೆ ತಗ್ಗಿಸಿ. "ಇಷ್ಟು ವರ್ಷದಲ್ಲಿ ಒಂದು ಮುಚ್ಚಳಾನೂ ತಪ್ಪಾಗಿ ಕೂರಿಸಿದೋನಲ್ಲ. ನಾಚಿಕೆ ಆಯ್ತು. ಸುಳ್ಳು ಹೇಳ್ದೆ."

ಅವಳ ಕೋಪ ಎಲ್ಲಿ ಹೋಯಿತೋ! ಆದರೆ ಅದರ ಜಾಗದಲ್ಲಿ ಹಳೆಯ ನೋವು ಎದ್ದು ನಿಂತಿತು. ಇಂದು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

"ನೋಡಿ ಮೇಸ್ತ್ರಿ. ಒಂದ್ಸಲ ನನ್ನ ಮದುವೆ ಮುರಿದಿದ್ದು ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯ್ತು. ನೋವಾಗ್ಬಾರ್ದು ಅಂತ ಮುಚ್ಚಿಟ್ರಂತೆ. ನನಗೆ ಅಂಥ ಒಳ್ಳೇತನ ಬೇಡ. ಒಡೆದುಹೋಗೋದಾದ್ರೆ ಒಡೀಲಿ. ನನ್ನ ಎದುರಿಗೇ ಒಡೀಲಿ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಅಷ್ಟು ನೇರವಾಗಿ ಅವನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಎದುರಿಗೇ ಹೇಳ್ತೀನಿ. ಇದನ್ನ ತಾತನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನೀವು ಈ ಶೆಡ್ಡಿಗೆ ಬರದೇ ಇರೋ ದಿನ ನನಗೆ ಕೈ ಓಡಲ್ಲ. ಬಂದ ದಿನ ಕಣ್ಣು ನಿಲ್ಲಲ್ಲ. ನೀವು ನನ್ನ ಜೊತೆ ಇರಬೇಕು. ಗಾಡಿಗಳಿಗಲ್ಲ... ನನಗೆ."

ಅವಳು ಕೈಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ದೀಪ ಎತ್ತಿಕೊಂಡಳು.

"ಮೊದಲು ಈ ಮುಚ್ಚಳ ಸರಿಯಾಗಿ ಕೂರಿಸಿ. ನಂಬರ್ ನಾನೂ ನೋಡ್ತೀನಿ. ಬೇರೆ ಕಡೆ ಕಣ್ಣು ಹೋದ್ರೆ ದೀಪ ಆರಿಸಿಬಿಡ್ತೀನಿ, ಹುಷಾರ್!"

ಮರುದಿನ ಬಿಸಿಲು ಏರಿದ ಮೇಲೆ ತಾತ ಬಂದರು. ಹೊಸ ಸೀಟಿನ ಮೇಲೆ ಕೂತು ಒಮ್ಮೆ ಪುಟಿದು ನೋಡಿ, "ಅಲ್ಲಮ್ಮಾ, ಈ ಸುಖ ಇದ್ದಿದ್ರೆ ಅವತ್ತು ನಾನು ದಾರೀಲೇ ನಿದ್ದೆ ಹೋಗಿ ಹಳ್ಳಕ್ಕೆ ಬೀಳ್ತಿದ್ದೆ!" ಎಂದರು.

ಮೇಸ್ತ್ರಿ ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿದ. ಇಂಜಿನ್ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಮತ್ತೊಮ್ಮೆ ತಿರುಗಿಸಿದ. ಕೆಮ್ಮಿತು, ಕಪ್ಪು ಹೊಗೆ ಉಗುಳಿತು... ಆಮೇಲೆ ಹಿಡಿದುಕೊಂಡಿತು! ತಗಡಿನ ಗೋಡೆಗಳು ನಡುಗಿದವು. ತಾತ ಸ್ಟಿಯರಿಂಗ್ ಹಿಡಿದು ಕಣ್ಣು ಮುಚ್ಚಿಕೊಂಡರು. ಅವಳು ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದಳು. ಎಲ್ಲೂ ಬಡಿತವಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಾತ ತಾವಾಗಿಯೇ ಕೆಳಗಿಳಿದರು.

"ನೀವಿಬ್ಬರೂ ಒಂದು ಸುತ್ತು ಹೋಗಿ ಬನ್ನಿ. ನಾನಿಲ್ಲೇ ಕೂತು, ಹೋಗೋ ಸದ್ದು ಒಂದ್ಸಲ, ಬರೋ ಸದ್ದು ಒಂದ್ಸಲ ಕೇಳ್ತೀನಿ."

ಅವಳು ತಕ್ಷಣ ಹತ್ತಲಿಲ್ಲ. ಕೆಲಸದ ಬೆಂಚಿನ ಬಳಿ ಹೋಗಿ, ನಿನ್ನೆ ಬರೆದ ಕಾಗದವನ್ನು ಹರಿದು, ಬೇರೊಂದು ಹಾಳೆಯ ಮೇಲೆ ನಿಂತಲ್ಲೇ ನಾಲ್ಕು ಸಾಲು ಬರೆದಳು. ಲಕೋಟೆಗೆ ಅಂಟು ಹಚ್ಚಿ ಬಂದು ಅವನ ಪಕ್ಕ ಕೂತಳು.

ಬೀದಿಯ ತಿರುವಿನಲ್ಲಿ ಅಂಚೆ ಡಬ್ಬ ಕಂಡಾಗ, "ನಿಲ್ಲಿಸಿ," ಎಂದಳು.

ಲಾರಿ ಗುರುಗುಟ್ಟುತ್ತಾ ನಿಂತಿತು. ಅವನು ಲಕೋಟೆ ನೋಡಿದ. ಕಾರ್ಖಾನೆಯ ವಿಳಾಸ. ಮುಖ ಸಪ್ಪಗಾಯಿತು.

"ಉತ್ತರಾನಾ?"

"ಹೂಂ. ಬಹಳ ದಿನ ಕಾಯಿಸಿದೆ, ಪಾಪ. ಡಬ್ಬಕ್ಕೆ ಹಾಕೋ ಮುಂಚೆ ನಿಮಗೇ ಹೇಳ್ತಿದೀನಿ. ಅತ್ತಿಗೆಗೂ ಇನ್ನೂ ಗೊತ್ತಿಲ್ಲ... ಬರಲ್ಲ ಅಂತ ಬರೆದಿದೀನಿ."

ಅವನು ಉಸಿರು ಬಿಟ್ಟ ಸದ್ದು ಇಂಜಿನ್ನಿನ ಸದ್ದಿನಲ್ಲೂ ಅವಳಿಗೆ ಕೇಳಿಸಿತು.

"ನನಗೋಸ್ಕರಾನಾ? ಹಾಗಾದ್ರೆ ಬೇಡ. ಅಲ್ಲಿ ಭದ್ರವಾದ ಕೆಲಸ..."

"ಅಲ್ಲಿ ದಿನಾ ಒಂದೇ ಥರದ ಸೀಟು ಹೊಲೀಬೇಕು. ನನಗೆ ಅದು ಆಗದ ಕೆಲಸ. ಈ ಕಾರಣ ಅವರಿಗೆ ಬರೆದಿದೀನಿ."

"ಬೇರೆ ಕಾರಣ?"

"ಅದನ್ನ ಅವರಿಗ್ಯಾಕೆ ಹೇಳ್ಲಿ?"

ಅವಳು ಬಾಗಿಲು ತೆರೆದು ಇಳಿದಳು. ಡಬ್ಬದ ಬಾಯಿಗೆ ಲಕೋಟೆ ಹಿಡಿದು, ಕ್ಯಾಬಿನ್ನಿನ ಕಡೆ ತಿರುಗಿ ನೋಡಿದಳು. ಅವನು ಇತ್ತಲೇ ನೋಡುತ್ತಿದ್ದ.

"ನೋಡಿದ್ರಾ?" ಎಂದಳು.

"ನೋಡ್ತಾ ಇದೀನಿ."

ಅವಳು ಲಕೋಟೆಯನ್ನು ಒಳಗೆ ಬಿಟ್ಟಳು.