ಒಳಗಡೆ ಹಿಡಿಕೆಯಿಲ್ಲದ ಬಾಗಿಲು

೨೦೧೫ರ ನವೆಂಬರ್ ೨೧, ಶನಿವಾರ, ಬೆಳಗ್ಗೆ ೯.೧೦. ದುಬೈಯ ಕರಾಮಕ್ಕೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಒಂದು ದೂರು ದಾಖಲಾಯಿತು. ಕೊಟ್ಟವಳು ಕ್ಲಾರಾ, ಆಸ್ಪತ್ರೆಯೊಂದರಲ್ಲಿ ನರ್ಸ್. ಹಿಂದಿನ ಸಂಜೆ ಮಗಳು ಕ್ಯಾರೊಲಿನ್‌ಳ ಒಂಬತ್ತನೆಯ ಹುಟ್ಟುಹಬ್ಬಕ್ಕೆಂದು ಬಾಡಿಗೆಗೆ ತರಿಸಿದ ಉದ್ದನೆಯ ಬಿಳಿ ಲಿಮೊಸಿನ್ನಿನಲ್ಲಿ, ಊದ್ ಮೇಥಾದ ತಿರುವಿನ ಹತ್ತಿರ ಹೊಗೆ ಎದ್ದಿತ್ತು. ಮುಂದೆ ಡ್ರೈವರ್ ಪಕ್ಕದಲ್ಲಿ ಕ್ಲಾರಾ, ಒಳಗೆ ಏಳು ಮಕ್ಕಳು. ಡ್ರೈವರ್ ಗಾಜು ಒಡೆದು ಆರು ಮಕ್ಕಳನ್ನು ಎಳೆದು ಹಾಕಿದ. ಕ್ಯಾರೊಲಿನ್ ಕೊನೆಗೆ ಸಿಕ್ಕಳು. ಈಗ ತೀವ್ರ ನಿಗಾ ಘಟಕದಲ್ಲಿದ್ದಾಳೆ. ಎಲ್ಲರೂ ಆಸ್ಪತ್ರೆಗೆ ಓಡಿದ ಹೊತ್ತಿಗೆ ಡ್ರೈವರ್ ಕಾರಿನೊಂದಿಗೆ ಮಾಯವಾಗಿದ್ದ.

ಹತ್ತೂವರೆಗೆ ನಾರ್ಬರ್ಟ್‌ಗೆ ಠಾಣೆಗೆ ಬರಲು ಕರೆ ಬಂತು. ಮಂಗಳೂರಿನ ನಾರ್ಬರ್ಟ್ ನಗರದ ವಾಹನ ಪರವಾನಗಿ ಕಚೇರಿಯಲ್ಲಿ ಹದಿನಾಲ್ಕು ವರ್ಷಗಳಿಂದ ತಾಂತ್ರಿಕ ಇನ್‌ಸ್ಪೆಕ್ಟರ್. ಮದುವೆ, ಪಾರ್ಟಿಗಳಿಗೆ ಬಾಡಿಗೆ ಹೋಗುವ ಲಿಮೊಸಿನ್ನುಗಳ ಅಡಿಗೆ ತೂರಿ ನೋಡಿ, ಸರಿಯಿದ್ದರೆ ಸಹಿ ಹಾಕುವುದು ಅವನ ಕೆಲಸ. ಹುಟ್ಟುಹಬ್ಬದ ಫೋಟೋದಲ್ಲಿ ಕಂಡ ನಂಬರಿನ ಕಡತದಲ್ಲಿ ಅವನದೇ ಸಹಿಯಿತ್ತು.

“ಈ ಸಹಿ ನಿಮ್ಮದಾ?” ಕೇಳಿದ್ದು ಲೆಫ್ಟಿನೆಂಟ್ ಮನ್ಸೂರ್, ತನಿಖೆಯ ಅಧಿಕಾರಿ.

“ಹೌದು.”

“ಕಾರು ನೋಡಿಯೇ ಹಾಕಿದ್ದಾ?”

ನಾರ್ಬರ್ಟ್‌ಗೆ ಉರಿದುಹೋಯಿತು. “ನೋಡದೆ ನಾನು ನನ್ನ ಮದುವೆಯ ರಿಜಿಸ್ಟರಿಗೂ ಸಹಿ ಹಾಕಿಲ್ಲ, ಸರ್.”

“ಯಲ್ಲಾ, ಹಾಗಾದರೆ ಬನ್ನಿ.”

೧೧.೪೫. ಕಾರಿನ ಮಾಲೀಕ ಸರ್ವೋತ್ತಮ ಇಸ್ತ್ರಿ ಮಾಡಿದ ಅಂಗಿಯಲ್ಲಿ ಶೆಡ್ಡಿನ ಮುಂದೆ ಕಾಯುತ್ತಿದ್ದ. ಹಿಂದೆ ಅದೇ ನಂಬರಿನ ಬಿಳಿ ಲಿಮೊಸಿನ್ ಮದುಮಗನ ಹಾಗೆ ನಿಂತಿತ್ತು. ನಾರ್ಬರ್ಟ್ ಒಂದೊಂದೇ ಬಾಗಿಲು ತೆರೆದು ನೋಡಿದ. ಎಲ್ಲಕ್ಕೂ ಹಿಡಿಕೆಯಿತ್ತು. ಮಸಿಯ ಗುರುತಿಲ್ಲ, ಸುಟ್ಟ ವಾಸನೆಯಿಲ್ಲ.

“ನೋಡಿ ನಾರ್ಬರ್ಟ್‌ರೇ, ನನ್ನ ಹತ್ರ ಇರೂದು ಇದೊಂದೇ ಕಾರು. ಆ ಹೆಂಗ್ಸು ಮಕ್ಕಳನ್ನು ಯಾರ್ದೋ ಗಾಡಿಗೆ ಹತ್ತಿಸಿ ನನ್ನ ಹೆಸರು ಹೇಳ್ತಾ ಉಂಟು.”

“ನಿಮ್ಮ ಡ್ರೈವರ್ ಅಪ್ಪಿ ಎಲ್ಲಿ?”

“ಅವ್ನ ಅಮ್ಮನಿಗೆ ಹುಷಾರಿಲ್ಲ. ಇವತ್ತು ಬೆಳಗ್ಗೆಯ ಫ್ಲೈಟಲ್ಲಿ ಊರಿಗೆ ಹೋದ.”

“ಒಳ್ಳೆ ಸಮಯಕ್ಕೇ ಹುಷಾರು ತಪ್ಪಿತು.”

ಸರ್ವೋತ್ತಮನ ಮುಖ ಬಿಗಿಯಿತು. “ನಾಳೆಯೇ ವಕೀಲರನ್ನು ನೋಡ್ತೇನೆ. ಸುಳ್ಳು ದೂರು ಅಂತ ಕೇಸು ಹಾಕದಿದ್ರೆ ಕೇಳಿ.”

ಹೊರಗೆ ಬಂದ ಮೇಲೆ ಮನ್ಸೂರ್ ಹೇಳಿದ: “ಸುಟ್ಟ ಕಾರು ಸಿಗದಿದ್ದರೆ ಕೇಸು ಆ ತಾಯಿಯ ಮೇಲೆಯೇ ತಿರುಗುತ್ತದೆ.” ಮಗಳು ಉಸಿರಿಗೆ ಒದ್ದಾಡುತ್ತಿರುವಾಗ ತಾಯಿ ಕಟಕಟೆ ಹತ್ತಬೇಕು! ನಾರ್ಬರ್ಟ್ ಕಾರಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದ.

೧.೨೦, ಆಸ್ಪತ್ರೆ. ಕ್ಲಾರಾ ನಿನ್ನೆಯ ಪಾರ್ಟಿಯ ಸೀರೆಯಲ್ಲೇ ಇದ್ದಳು.

“ಹೊಗೆ ಎಲ್ಲಿಂದ ಬಂತು?”

“ಬಲಬದಿಯ ಬಾಗಿಲ ಹತ್ರದ ಕಲರ್ ಲೈಟಿಂದ, ಸರ್. ಮಕ್ಕಳೆಲ್ಲ ಎಡಬದಿಗೆ ಓಡಿದ್ರು. ನಾನು ಹೊರಗಿಂದ ಎಳೀತಾ ಇದ್ದೆ, ಆ ಬಾಗಿಲು ಬರ್ಲೇ ಇಲ್ಲ. ಅವ್ಳು ಒಳಗಿಂದ ಬಡೀತಾ ಇದ್ಲು...”

ಪಕ್ಕದಲ್ಲಿ ಕೂತಿದ್ದ ಕ್ಯಾರೊಲಿನ್‌ಳ ಗೆಳತಿ ಪರ್ಲ್ ಬ್ಯಾಂಡೇಜು ಸುತ್ತಿದ ಕೈ ಎತ್ತಿದಳು. “ಅಂಕಲ್, ದೇರ್ ವಾಸ್ ನೋ ಹ್ಯಾಂಡಲ್ ಇನ್‌ಸೈಡ್.”

ನಾರ್ಬರ್ಟ್ ತಟ್ಟನೆ ಎದ್ದುನಿಂತ. ಆ ಮಾತನ್ನು ಅವನೇ ಒಮ್ಮೆ ಬರೆದಿದ್ದ.

ರಜೆಯ ಕಚೇರಿಯ ಬೀಗ ತೆಗೆಸಿ, ೩.೦೫ಕ್ಕೆ ಹಳೆಯ ಕಡತ ಹೊರತೆಗೆದ. ಸರ್ವೋತ್ತಮನ ಎರಡನೆಯ ಲಿಮೊಸಿನ್, ಆಗಸ್ಟ್ ೯ರ ತಪಾಸಣೆ: ‘ಎಡಬದಿಯ ಹಿಂಬಾಗಿಲು ಬೆಸುಗೆ ಹಾಕಿ ಮುಚ್ಚಿದೆ. ಒಳಗಡೆ ಹಿಡಿಕೆ ಇಲ್ಲ. ಪರವಾನಗಿ ನಿರಾಕರಿಸಲಾಗಿದೆ.’ ಅದರ ಮೇಲೆ ಸೆಪ್ಟೆಂಬರ್ ೬ರ ಗುಜರಿ ಪ್ರಮಾಣಪತ್ರ: ಕಾರನ್ನು ಕತ್ತರಿಸಿ ಹಾಕಲಾಗಿದೆ. ಆ ಕಾಗದವನ್ನು ಸ್ವೀಕರಿಸಿದವನೂ ಅವನೇ. ಗುಜರಿಗೆ ಹೋಗಿ ನೋಡಿರಲಿಲ್ಲ. ಆಗ ಹುಟ್ಟಿದ ಸಿಟ್ಟಿನಲ್ಲಿ ಅರ್ಧ ಪಾಲು ತನ್ನ ಮೇಲೆಯೇ ಇತ್ತು.

ಕಾಗದದಲ್ಲಿ ಸತ್ತ ಕಾರು ರಸ್ತೆಯಲ್ಲಿ ಓಡಿತ್ತೆಂದು ತೋರಿಸುವುದು ಹೇಗೆ? ನಾರ್ಬರ್ಟ್ ಸರ್ವೋತ್ತಮನ ಕಂಪನಿಯ ಫೇಸ್‌ಬುಕ್ ಪುಟ ತೆರೆದು ಕೂತ. ಅಕ್ಟೋಬರಿನ ಆಯುಧಪೂಜೆಯ ಫೋಟೋ ಒಂದಿತ್ತು. ಕುಂಕುಮ ಹಚ್ಚಿದ ಒಂದೇ ಲಿಮೊಸಿನ್. ಆದರೆ ಬಾನೆಟ್ಟಿನ ಮೇಲಿನ ಚೆಂಡುಹೂವಿನ ಮಾಲೆ ಎಡಕ್ಕೆ ಹೋಗಿ ಫೋಟೋದ ಅಂಚಿನಲ್ಲಿ ಕಡಿದುಹೋಗಿತ್ತು. ಕೆಳಗೆ ಅವನ ಮಗಳು ದೀಕ್ಷಿತಾ ಬರೆದಿದ್ದಳು: ‘ನನ್ನ ಮದುವೆಯ ಕಾರನ್ನೇ ಫೋಟೋದಿಂದ ಕತ್ತರಿಸಿಬಿಟ್ರಲ್ಲ ಪಪ್ಪ!’

ಅವಳ ಪುಟದಲ್ಲಿ ಪೂರ್ತಿ ಫೋಟೋ ಸಿಕ್ಕಿತು. ಅವಳ ವಿಲ್ಲಾದ ಅಂಗಳ, ಎರಡು ಲಿಮೊಸಿನ್, ಒಂದೇ ಮಾಲೆ. ಗುಜರಿಯಲ್ಲಿ ತುಂಡಾದ ಒಂದೂವರೆ ತಿಂಗಳ ಮೇಲೆ ಕಾರು ಪೂಜೆ ಮಾಡಿಸಿಕೊಂಡಿತ್ತು. ಪರವಾನಗಿ ಕಚೇರಿಯಿಂದ ಬಚ್ಚಿಟ್ಟವನಿಗೆ ಅದನ್ನು ಪೂಜೆಯಿಂದ ಹೊರಗಿಡಲು ಮನಸ್ಸು ಬಂದಿರಲಿಲ್ಲ.

ನವೆಂಬರ್ ೨೨, ಭಾನುವಾರ, ೧೧.೦೦. ಅಬುಧಾಬಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿ. ಅಲ್ಲಿಯ ಪೊಲೀಸರಿಬ್ಬರನ್ನು ಕರೆದುಕೊಂಡು ಮನ್ಸೂರ್ ಗೇಟು ತಟ್ಟಿದ. ದೀಕ್ಷಿತಾ ಬಂದು ತೆರೆದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

“ಆ ಕಾರಾ? ಶುಕ್ರವಾರ ಪಪ್ಪ ತಂದಿಟ್ರು. ಪೇಂಟ್ ಮಾಡಿಸ್ಲಿಕ್ಕುಂಟು ಅಂದ್ರು.”

ಟಾರ್ಪಲ್ ಸರಿಸಿದಾಗ ಒಡೆದ ಗಾಜು ಕಂಡಿತು. ನಮ್ಮೂರಿನಲ್ಲಾದರೆ ಪಂಚನಾಮೆ ಎನ್ನುವ ಕಾಗದವನ್ನು ಬರೆಯಲು ತೊಡಗಿದರು. ಪ್ಲೇಟಿನಲ್ಲಿ ಶೆಡ್ಡಿನ ಕಾರಿನದೇ ನಂಬರ್, ಆದರೆ ಚಾಸಿ ನಂಬರ್ ನಿರಾಕರಿಸಿದ ಕಡತದ್ದೇ. ಎಡಬಾಗಿಲಿನ ಒಳಮೈಯ ಮಸಿಯಲ್ಲಿ, ಹಿಡಿಕೆ ಇರಬೇಕಾಗಿದ್ದ ಜಾಗದ ಸುತ್ತ, ಪುಟ್ಟ ಕೈಗಳು ಉಜ್ಜಿದ ಗುರುತುಗಳಿದ್ದವು. ದೀಕ್ಷಿತಾ ಬಗ್ಗಿ ನೋಡಿದವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಮನ್ಸೂರ್ ಹೇಳಿದ್ದು ಒಂದೇ ಮಾತು: “ಖಲಾಸ್.”

ಸಂಜೆ ೪.೧೫ಕ್ಕೆ ಸರ್ವೋತ್ತಮನ ಬಂಧನವಾಯಿತು. ಭಾಷೆ ತಿಳಿದವನೆಂದು ವಿಚಾರಣೆಯಲ್ಲಿ ಪ್ರಶ್ನೆ ಕೇಳಲು ನಾರ್ಬರ್ಟ್‌ನನ್ನೇ ಕೂರಿಸಿದರು.

“ಗುಜರಿಯ ಕಾಗದ ಸುಳ್ಳಾ?”

“ತಕೊಂಡು ಹೋದದ್ದು ಹೌದು. ಗುಜರಿಯವ್ನು ಕತ್ತರಿಸುವ ಮಿಶಿನ್ ಹಿಡಿದ. ನನ್ನ ಮಗಳು ಮದುಮಗಳಾಗಿ ಕೂತ ಸೀಟು ಅದು. ಮನಸ್ಸಾಗ್ಲಿಲ್ಲ ಮಾರಾಯ್ರೆ. ಅವ್ನ ಕೈಕಾಲು ಹಿಡಿದು ಕಾಗದ ಮಾತ್ರ ಮಾಡಿಸ್ಕೊಂಡೆ.”

“ಹಾಗಾದರೆ ಮನೆಯಲ್ಲಿ ಇಟ್ಟು ಪೂಜೆ ಮಾಡಬೇಕಿತ್ತು. ಬೇರೆಯವರ ಮಕ್ಕಳನ್ನು ಯಾಕೆ ಕೂರಿಸಿದಿರಿ?”

“ನಿಂತ ಗಾಡಿ ಹಾಳಾಗ್ತದೆ. ನಾಲ್ಕು ಜನ ಕೂತು ಖುಷಿಪಡ್ಲಿ ಅಂತ...”

“ಅಪ್ಪಿಯನ್ನು ಊರಿಗೆ ಕಳಿಸಿದ್ದು?”

“ನಾನೇ.”

ನಾರ್ಬರ್ಟ್ ಮುಂದಕ್ಕೆ ಬಾಗಿದ. “ಮದುವೆಯ ದಿನ ನಿಮ್ಮ ಮಗಳು ಆ ಕಾರಿನಲ್ಲಿ ಯಾವ ಬದಿಗೆ ಕೂತಿದ್ದಳು?”

ಸರ್ವೋತ್ತಮ ಅಂಗಿಯ ತೋಳನ್ನು ಮಡಚಿ ಮತ್ತೆ ಬಿಡಿಸಿದ.

“ಬಲಬದಿಗೆ. ಬಾಗಿಲ ಹತ್ರವೇ ಕೂರಿಸಿದ್ದೆ. ಎಡದ ಬಾಗಿಲು ಬರೂದಿಲ್ಲ ಅಂತ ಗೊತ್ತಿತ್ತಲ್ಲ.”

ನಾರ್ಬರ್ಟ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಮನ್ಸೂರ್ ಬರೆಯುವುದನ್ನು ನಿಲ್ಲಿಸಿ ಸರ್ವೋತ್ತಮನನ್ನೇ ನೋಡಿದ, ಆಮೇಲೆ ಮತ್ತೆ ಬರೆದ.

ಹೇಳಿಕೆಯ ಕೆಳಗೆ ಸಾಕ್ಷಿಯೆಂದು ಸಹಿ ಹಾಕಿದ ಮೇಲೆ ನಾರ್ಬರ್ಟ್ ಇನ್ನೊಂದು ಹಾಳೆ ಕೇಳಿ ಪಡೆದ. ‘ಗುಜರಿ ಪ್ರಮಾಣಪತ್ರವನ್ನು ನಾನು ಸ್ಥಳಕ್ಕೆ ಹೋಗಿ ಪರಿಶೀಲಿಸಲಿಲ್ಲ’ ಎಂದು ಬರೆದು, ಅದಕ್ಕೂ ಸಹಿ ಹಾಕಿ ಮನ್ಸೂರ್‌ನ ಮುಂದಿಟ್ಟ. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದ. ಕ್ಲಾರಾ ಎತ್ತಿದಳು.

“ಕಾರು ಸಿಕ್ಕಿತು. ಇನ್ನು ನಿಮ್ಮ ಮೇಲೆ ಯಾರೂ ಕೇಸು ಹಾಕೂದಿಲ್ಲ.”

“ಹೌದಾ ಸರ್,” ಎಂದಳು ಕ್ಲಾರಾ. “ಇವ್ಳು ಇನ್ನೂ ಕಣ್ಣು ಬಿಟ್ಟಿಲ್ಲ.”