ಕಾಣೆಯಾದ ಐವರು

ಮನಶ್ಶಾಸ್ತ್ರ ವಿಭಾಗದ ಕಂಪ್ಯೂಟರಿನಿಂದ ಐದು ಜನ ಕಾಣೆಯಾಗಿದ್ದರು. ಅವರಲ್ಲಿ ಒಬ್ಬಳು ಸತ್ತಿದ್ದಳು.

ಇದು ಹೊರಬಿದ್ದದ್ದು ಅವಳ ತಾಯಿಯಿಂದ. ಖಿನ್ನತೆಗೆ ಹೊಸ ಚಿಕಿತ್ಸೆಯ ಪ್ರಯೋಗವೆಂದು ಮಗಳು ಇಲ್ಲಿಗೆ ಬರುತ್ತಿದ್ದಳು. ಆಮೇಲೆ ತಾನೇ ಜೀವ ಕಳೆದುಕೊಂಡಳು. ಚಿಕಿತ್ಸೆ ಗೆದ್ದಿತೆಂದು ವರದಿ ಬಂತು. ಪ್ರಯೋಗದಲ್ಲಿ ಮಗಳಿಗೆ ಕೊಟ್ಟಿದ್ದ ನಂಬರಿನ ಚೀಟಿ ಹಿಡಿದು ತಾಯಿ ಬಂದರು. ಕಂಪ್ಯೂಟರಿನಲ್ಲಿ ಆ ನಂಬರೇ ಇರಲಿಲ್ಲ. ಹುಡುಕಿದರೆ ಇನ್ನೂ ನಾಲ್ಕು ನಂಬರು ಮಾಯ.

ವಿಚಾರಣೆಯನ್ನು ನನ್ನ ತಲೆಗೆ ಕಟ್ಟಿದರು. ನಾನು ಪಕ್ಕದ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವಳು. ಬೇಡದ ಕೆಲಸವೆಂದರೆ ಎಲ್ಲರಿಗೂ ಮೊದಲು ನನ್ನದೇ ನೆನಪು.

*

"ನಮ್ಮ ಹುಡುಗಿ ಕೈ ಸರಿಯಿಲ್ಲಮ್ಮ. ಏನೋ ಅಳಿಸಿಬಿಟ್ಟಿದ್ದಾಳೆ," ಅಂದರು ಪ್ರಯೋಗ ನಡೆಸಿದ ಪ್ರೊಫೆಸರ್.

ಹುಡುಗಿ ಎಂದರೆ ಅವರ ಸಂಶೋಧನಾ ವಿದ್ಯಾರ್ಥಿನಿ. ಅವಳ ಡಾಕ್ಟರೇಟ್ ನಿಲ್ಲಿಸುವ ಮಾತೂ ಆಗಿತ್ತು. ಅತ್ತು ಅತ್ತು ಕಣ್ಣುಗಳು ಊದಿಕೊಂಡಿದ್ದವು.

"ರೋಗಿಗಳ ಪರೀಕ್ಷೆಯ ಅಂಕ ಕಂಪ್ಯೂಟರಿಗೆ ತುಂಬೋದಷ್ಟೇ ನನ್ನ ಕೆಲಸ ಮೇಡಂ. ಆ ಐದು ಜನರದ್ದೂ ತುಂಬಿದ್ದೆ. ಎಲ್ಲರೂ ಮೊದಲಿಗಿಂತ ಕುಸಿದಿದ್ರು."

"ಅವರಿಗೆ ಸಿಕ್ಕಿದ್ದು ಹೊಸ ಚಿಕಿತ್ಸೆನಾ, ಹೋಲಿಕೆಗೆ ಇಟ್ಟ ಗುಂಪಿನ ಬರೀ ಮಾತುಕತೆನಾ?"

"ನಂಗೆ ಹೇಗೆ ಗೊತ್ತಾಗುತ್ತೆ? ಪಕ್ಷಪಾತ ಆಗಬಾರದು ಅಂತ ಅಂಕ ತುಂಬೋರಿಗೆ ಅದನ್ನ ಹೇಳಲ್ಲ. ಸರ್ ಒಬ್ಬರಿಗೇ ಗೊತ್ತು."

ನಾನು ಕುರ್ಚಿಯಿಂದ ಎದ್ದುಬಿಟ್ಟೆ.

*

ಪ್ರೊಫೆಸರ್ ತಮ್ಮ ಬೀಗದ ಕಪಾಟಿನಿಂದ ಗುಂಪುಗಳ ವಿವರ ತೆಗೆದರು. ಕಾಣೆಯಾದ ಐವರೂ ಹೊಸ ಚಿಕಿತ್ಸೆಯವರೇ.

"ಕೈತಪ್ಪಿ ಅಳಿಸಿದ್ರೆ ಎರಡೂ ಗುಂಪಿನವರು ಹೋಗಬೇಕಿತ್ತು ಸರ್. ಅಜಾಗರೂಕತೆಗೆ ಕಣ್ಣಿರಲ್ಲ. ಯಾರು ಯಾವ ಗುಂಪು ಅಂತ ಆ ಹುಡುಗಿಗೆ ಗೊತ್ತೇ ಇರಲಿಲ್ಲ. ನಿಮಗಿತ್ತು."

ಅವರು ಕನ್ನಡಕ ತೆಗೆದಿಟ್ಟರು. "ಉಳಿದವರಿಂದ ತೀರಾ ದೂರ ಹೋದ ಅಂಕ ಕೈಬಿಡೋದು ರೂಢಿಯಮ್ಮ. ನಮ್ಮ ಗುರುಗಳೂ ಬಿಡ್ತಿದ್ರು. ದೇವರಾಣೆ, ಮೋಸ ಅನ್ನಿಸಿರಲಿಲ್ಲ."

"ಮಾತುಕತೆ ಗುಂಪಲ್ಲೂ ಅಂಥವರು ಇದ್ರಲ್ಲ, ಅವರನ್ನ ಯಾಕೆ ಉಳಿಸಿಕೊಂಡ್ರಿ?"

ಅವರು ಗುಂಪುಗಳ ವಿವರವನ್ನು ಮಡಚಿಡಲು ಹೋದರು.

"ಆ ಹುಡುಗಿ ಮೇಲೆ ಯಾಕೆ ಹಾಕಿದ್ರಿ?"

"ಆ ತಾಯಿ ಬಂದಾಗ ಹೆದರಿಬಿಟ್ಟೆ."

"ಮೊದಲ ನಾಲ್ವರನ್ನ ಲೆಕ್ಕದಲ್ಲಿ ಇಟ್ಟಿದ್ರೆ ಪ್ರಯೋಗ ಅಲ್ಲೇ ನಿಲ್ತಿತ್ತು ಸರ್. ಇದರಲ್ಲಿರೋ ತಾರೀಖು ನೋಡಿ, ಆ ತಾಯಿಯ ಮಗಳು ಆಮೇಲೆ ಸೇರಿದವಳು."

ಅವರು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಸಿಟ್ಟು ಬರಬೇಕಿತ್ತು. ನೀರಿನ ಲೋಟ ಅವರ ಕಡೆ ಸರಿಸಿದೆ.

*

ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಎಲ್ಲ ಹೇಳಿದೆ.

"ಅವಳ ಹಣೆಬರಹ ಅಂದ್ಕೊಂಡಿದ್ದೆ," ಅಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಉಳಿದ ನಾಲ್ಕು ಮಕ್ಕಳು ಈಗ ಹೇಗಿದ್ದಾರಮ್ಮ?"

ಪ್ರೊಫೆಸರ್ ಕೇಳಿರಲಿಲ್ಲ. ವಿಭಾಗ ಕೇಳಿರಲಿಲ್ಲ. ಇಷ್ಟೆಲ್ಲ ಪತ್ತೆ ಮಾಡಿದ ನಾನೂ ಕೇಳಿರಲಿಲ್ಲ.

ವಿದ್ಯಾರ್ಥಿನಿಯಿಂದ ಆ ನಾಲ್ವರ ಫೋನ್ ನಂಬರು ತರಿಸಿ ಮೊದಲನೆಯವರಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಯಾರಾದರೂ ಎತ್ತಲಿ ಎಂದು ಆ ತಾಯಿ ನನ್ನ ಕೈ ಹಿಡಿದುಕೊಂಡು ಕಾಯುತ್ತಿದ್ದರು.