ಬಾಯಲ್ಲಿ ನೀರು ಹಿಡಿದ ಜಕ್ಕಲೆ

ಅಜ್ಜಿಯ ಅಜ್ಜಿಯೂ ಹುಟ್ಟದಿದ್ದ ಕಾಲದಲ್ಲಿ ಹೊನ್ನಗಾಲಿ ಎಂಬ ಒಂದು ರಾಜ್ಯವಿತ್ತು. ಅದರ ಅರಸನಿಗೆ ಆನೆ ಇತ್ತು, ಕುದುರೆ ಇತ್ತು, ನಿದ್ದೆ ಮಾತ್ರ ಇರಲಿಲ್ಲ. ಯಾಕೆಂದರೆ ಕೆರೆಯ ಆಚೆ, ಕರಿಗುಡ್ಡದ ಮೇಲೆ, ಕೀಲಕನೆಂಬ ಮಾಂತ್ರಿಕ ಬಂದು ಮನೆ ಮಾಡಿದ್ದ. ಅವನ ವಿದ್ಯೆಗಳಲ್ಲೆಲ್ಲ ದೊಡ್ಡದು ಸ್ತಂಭನ. ಕಬ್ಬಿಣದ ಕೋಲನ್ನು ಎತ್ತಿ ತೋರಿಸಿದರೆ ಸಾಕು, ಓಡುವುದು ನಿಲ್ಲುತ್ತಿತ್ತು, ಹಾರುವುದು ನಿಲ್ಲುತ್ತಿತ್ತು, ಉಸಿರಾಡುವುದೂ ನಿಲ್ಲುತ್ತಿತ್ತು.

ಊರ ಹೊರಗಿನ ಇಳಿಜಾರು ಬಯಲಲ್ಲಿ ಜಕ್ಕಲೆ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಎಂಥ ಪಾಠ? ವಸ್ತು ಯಾಕೆ ಓಡುತ್ತದೆ, ಯಾಕೆ ನಿಲ್ಲುತ್ತದೆ, ದೂಡಿದರೆ ಏನಾಗುತ್ತದೆ ಎಂಬ ಪಾಠ. ಅಲ್ಲಿ ಓಲೆಗರಿ ಇಲ್ಲ, ಬಾಯಿಪಾಠ ಇಲ್ಲ. ಗಾಲಿ ಹಾಕಿದ ಹಲಗೆ, ಬಿದಿರು, ಕವಡೆ, ಹಗ್ಗ, ಇಷ್ಟೇ. ಮಕ್ಕಳು ಮಾಡಿ ನೋಡಬೇಕು, ನೋಡಿ ಹೇಳಬೇಕು. ಆದರೆ ಜಕ್ಕಲೆಗೆ ಬಾಯಿ ನಿಲ್ಲದು. ಮಕ್ಕಳು ಚೂರು ತಡವರಿಸಿದರೂ ಉತ್ತರ ತಾನಾಗಿ ಹೊರಗೆ ಬೀಳುತ್ತಿತ್ತು. ಅದಕ್ಕೆ ಅವಳೊಂದು ಪದ್ಧತಿ ಮಾಡಿಕೊಂಡಿದ್ದಳು. ಮಕ್ಕಳ ಕೈಗೆ ಗಾಡಿ ಕೊಟ್ಟ ಕೂಡಲೇ ಬಾಯಿ ತುಂಬ ನೀರು ತುಂಬಿಕೊಂಡು ಕೂತುಬಿಡುವುದು. ಕೆನ್ನೆ ಉಬ್ಬಿಸಿಕೊಂಡು ಕೂತ ಅಕ್ಕೋರನ್ನು ನೋಡಿ ಮಕ್ಕಳು ನಗುತ್ತಿದ್ದರು, ನಗುತ್ತಲೇ ಕಲಿಯುತ್ತಿದ್ದರು.

ಒಂದು ಮಧ್ಯಾಹ್ನ ಉಳಿದ ಮಕ್ಕಳು ಊಟಕ್ಕೆ ಹೋಗಿದ್ದರು. ಬಯಲಲ್ಲಿ ಜಕ್ಕಲೆಯ ಜೊತೆ ಮೂವರೇ ಇದ್ದರು: ಚುರುಕು ಬುದ್ಧಿಯ, ಆದರೆ ಎಲ್ಲಕ್ಕೂ ಅಂಜುವ ಸಾವಂತಿ, ಎತ್ತಿನಂಥ ಮೈಬಲದ, ಮೂಗಿನ ತುದಿಯಲ್ಲೇ ಸಿಟ್ಟಿರುವ ಕೇತ, ಎಲ್ಲಕ್ಕೂ 'ಯಾಕೆ?' ಎನ್ನುವ ಪುಟ್ಟಿ ಮಾಚಿ. ಆಗ ಕರಿಗುಡ್ಡದಿಂದ ಕಪ್ಪು ಗಾಳಿ ಎದ್ದು ಊರಿನ ಮೇಲೆ ಹಾದುಹೋಯಿತು. ಸದ್ದು ಎಂಬುದೇ ಅಡಗಿತು.

ನಾಲ್ವರೂ ಊರೊಳಕ್ಕೆ ಓಡಿದರು. ಬಾವಿಗೆ ಇಳಿಯುತ್ತಿದ್ದ ಕೊಡ ನಡುವೆಯೇ ನಿಂತಿತ್ತು. ಉಯ್ಯಾಲೆ ಮೇಲಕ್ಕೆ ಹೋದದ್ದು ಕೆಳಗೆ ಬಂದಿರಲಿಲ್ಲ. ಅರಸ ತುತ್ತು ಎತ್ತಿದ ಕೈಯಲ್ಲೇ ಕಲ್ಲಾಗಿದ್ದ. ಸಾವಂತಿ ರೊಟ್ಟಿ ತಟ್ಟುತ್ತಿದ್ದ ತಾಯಿಯ ಕೈ ಮುಟ್ಟಿದಳು. ಕೈ ತಣ್ಣಗಿತ್ತು, ಗಟ್ಟಿಯಾಗಿತ್ತು. ಅವಳಿಗೆ ಅಳು ಕೂಡ ಬರಲಿಲ್ಲ, ಹಲ್ಲು ಮಾತ್ರ ಕಟಕಟ ಎಂದವು.

ಬೀದಿಯ ಕೊನೆಯಲ್ಲಿ ಕೀಲಕ ನಿಂತಿದ್ದ. ಅವನ ಕಾಲು ನೆಲ ಮುಟ್ಟುತ್ತಿರಲಿಲ್ಲ, ಕೋಲಿನ ಬಲದಿಂದಲೇ ತೇಲುತ್ತಿದ್ದ.

"ಊರೆಲ್ಲ ನಿಂತರೂ ನಿನ್ನ ಗಾಡಿಗಳು ಇನ್ನೂ ಉರುಳುತ್ತಿವೆಯಲ್ಲ, ಜಕ್ಕಲೆ," ಎಂದ. "ನಿಲ್ಲಿಸುವ ನನ್ನ ವಿದ್ಯೆ ದೊಡ್ಡದೋ, ಓಡಿಸುವ ನಿನ್ನ ವಿದ್ಯೆ ದೊಡ್ಡದೋ, ನೋಡಿಯೇಬಿಡೋಣ. ಈ ಮಕ್ಕಳಿಗೆ ಮೂರು ಪರೀಕ್ಷೆ. ಗೆದ್ದರೆ ಊರಿನ ಉಸಿರು ನಿಮ್ಮದು. ಸೋತರೆ ಇವರೂ ಕಲ್ಲು. ನಿನ್ನ ಪದ್ಧತಿ ನನಗೆ ಗೊತ್ತಿದೆ. ಇವತ್ತೂ ಬಾಯಿಗೆ ನೀರು ತುಂಬಿಕೋ. ಒಂದು ಹನಿ ಉಗುಳಿದರೂ, ಒಂದು ಹನಿ ನುಂಗಿದರೂ ಮೂವರೂ ಕಲ್ಲು!"

ಜಕ್ಕಲೆಗೆ ಬೇಡ ಎನ್ನಲು ದಾರಿ ಎಲ್ಲಿತ್ತು? ಕೀಲಕ ಕೊಟ್ಟ ನೀರನ್ನು ಬಾಯಿಗೆ ಹುಯ್ದುಕೊಂಡಳು. ಅದು ಬೇವಿಗಿಂತ ಕಹಿಯಾಗಿತ್ತು.

ಕೀಲಕನ ಹಿಂದೆ ನಾಲ್ವರೂ ಕೆರೆ ಬಳಸಿ ಕರಿಗುಡ್ಡ ಹತ್ತಿದರು. ಅವನ ಮನೆಯ ಬಾಗಿಲಲ್ಲಿ ಹೆಬ್ಬಾವಿನಷ್ಟು ದಪ್ಪದ ಹಾವೊಂದು ಹಾಲಿನ ಗಡಿಗೆಗೆ ಸುತ್ತು ಹಾಕಿ ಮಲಗಿತ್ತು. ಗಡಿಗೆಯ ಬಾಯಿಗೆ ಮುತ್ತುಗದ ಎಲೆ, ಎಲೆಯ ಮೇಲೆ ಹಾವಿನ ಮೊಟ್ಟೆ.

"ಮೊಟ್ಟೆ ಹಾಲಿಗೆ ಬೀಳಬೇಕು," ಎಂದ ಕೀಲಕ. "ಮೊಟ್ಟೆಯನ್ನು ಮುಟ್ಟಬಾರದು, ಗಡಿಗೆಯನ್ನು ಅಲುಗಿಸಬಾರದು. ಮೊಟ್ಟೆ ನೆಲಕ್ಕೆ ಬಿದ್ದರೆ ತಾಯಿ ಏಳುತ್ತಾಳೆ."

ಲೋಟದ ಮೇಲೆ ಎಲೆ, ಎಲೆಯ ಮೇಲೆ ಕವಡೆ. ಇದನ್ನು ಮಕ್ಕಳು ಬಯಲಲ್ಲಿ ಎಷ್ಟೋ ಸಲ ಮಾಡಿದ್ದರು. ಸುಮ್ಮನಿರುವ ವಸ್ತು ಸುಮ್ಮನಿರಲೇ ನೋಡುತ್ತದೆ. ಎಲೆಯನ್ನು ಸರಕ್ಕನೆ ಎಳೆದರೆ ಕವಡೆ ಇದ್ದಲ್ಲೇ ಇದ್ದು ಕೆಳಕ್ಕೆ ಬೀಳುತ್ತದೆ. ಆದರೆ ಆ ಲೋಟಕ್ಕೆ ಹಾವು ಸುತ್ತಿರಲಿಲ್ಲವಲ್ಲ!

ಸಾವಂತಿ ಎಲೆಯ ತುದಿ ಹಿಡಿದಳು. ಹೆದರಿದ ಕೈ ಯಾವಾಗಲೂ ಮೆಲ್ಲಗೆ ಹೋಗುತ್ತದೆ. ಅವಳು ಮೆಲ್ಲಗೆ ಎಳೆದಳು, ಎಲೆಯ ಜೊತೆ ಮೊಟ್ಟೆಯೂ ಅಂಚಿನತ್ತ ಹೊರಟಿತು. ಹಾವು ಒಂದು ಕಣ್ಣು ತೆರೆಯಿತು. 'ಬೇಗ ಎಳಿ, ಮಗಳೇ, ಬೇಗ!' ಎಂದು ಜಕ್ಕಲೆಯ ಕಣ್ಣು ಕೂಗಿತು, ಬಾಯಿ ಕೂಗಲಿಲ್ಲ.

"ನಂಗ ಅಂಜಿಕಿ ಆಗತೈತಿ," ಎಂದಳು ಸಾವಂತಿ.

"ಹಾವಿನ ಕಡೆ ನೋಡಬ್ಯಾಡ. ಕವಡಿ ಅಂತ ತಿಳ್ಕೋ," ಎಂದಳು ಮಾಚಿ.

ಸಾವಂತಿ ಕಣ್ಣು ಮುಚ್ಚಿ ಸರಕ್ಕನೆ ಎಳೆದಳು. ಎಲೆ ಕೈಗೆ ಬಂತು, ಮೊಟ್ಟೆ ಬುಳಕ್ಕನೆ ಹಾಲಿಗೆ ಬಿತ್ತು. ಹಾವು ಕಣ್ಣು ಮುಚ್ಚಿ, ಬಾಗಿಲು ಬಿಟ್ಟು ಸರಿದು ಹೋಯಿತು.

ಒಳಗೆ ನುಣ್ಣನೆಯ ಅಂಗಳ. ಅಲ್ಲಿ ಕರಿ ಕಂಬಳಿ ಹೊದಿಸಿದ ಎರಡು ಗಾಡಿ.

"ಒಂದರಲ್ಲಿ ಊರಿನ ಉಸಿರು ತುಂಬಿದ ಕೊಡವಿದೆ. ಇನ್ನೊಂದರಲ್ಲಿ ನನ್ನ ಕಲ್ಲುರಕ್ಕಸ ಮಲಗಿದ್ದಾನೆ. ಎತ್ತಬಾರದು, ಇಣುಕಬಾರದು. ಒಂದು ಕಂಬಳಿ ತೆಗೆಯಿರಿ. ರಕ್ಕಸ ಹಸಿದಿದ್ದಾನೆ, ನೆನಪಿರಲಿ."

"ಇದೇನ್ ಮಹಾ! ಉಸಿರು ಹಗುರ, ಕಲ್ಲು ಭಾರ," ಎಂದ ಕೇತ. "ದೂಡಿ ನೋಡೋಣು. ಹಗುರದ್ದು ಜೋರು ಓಡತೈತಿ." ಅವನು ಎಡಗಾಡಿಯನ್ನು ದೂಡಿದ, ಸಾವಂತಿ ಬಲಗಾಡಿಯನ್ನು ದೂಡಿದಳು. ಎಡಗಾಡಿ ಬಲಗಾಡಿಗಿಂತ ಒಂದು ಮಾರು ಮುಂದೆ ಹೋಯಿತು. ಕೇತ ಅದರ ಕಂಬಳಿಗೆ ಕೈ ಹಾಕಿದ.

ತಪ್ಪು ಜಕ್ಕಲೆಗೆ ಕಂಡಿತ್ತು. ಕಂಬಳಿಯ ಒಳಗಿನಿಂದ ಗೊರಕೆಯ ಸದ್ದು ಬಂದಂತೆಯೂ ಅವಳಿಗೆ ಕೇಳಿಸಿತು. ಮೂಗಿನಿಂದ ಉಸಿರು ಸಾಲದೆ ಕಣ್ಣು ಕತ್ತಲೆಗಟ್ಟಿತು. ಒಂದೇ ಒಂದು ಮಾತು ಆಡಿದರೆ ಮಕ್ಕಳು ಕಲ್ಲು; ಆಡದಿದ್ದರೆ ರಕ್ಕಸನ ಬಾಯಿಗೆ ತುತ್ತು.

"ಏ, ತಡಿಯೋ!" ಎಂದಳು ಮಾಚಿ. "ಅದು ಯಾಕ ಮುಂದ ಹೋತು? ಗಾಡಿ ಹಗುರ ಅಂತೋ, ನೀ ಗಟ್ಟಿಗ ಅಂತೋ?"

ಕೇತನ ಕೈ ಅಲ್ಲೇ ನಿಂತಿತು.

"ಹೌದಲ್ಲೋ," ಎಂದಳು ಸಾವಂತಿ. "ನಿನ್ನ ಕೈಯೇ ಬ್ಯಾರೆ, ನನ್ನ ಕೈಯೇ ಬ್ಯಾರೆ. ಎರಡಕ್ಕೂ ಒಂದ ಬಲ ಬೀಳಬೇಕು."

ಮೂಲೆಯಲ್ಲಿ ಒಂದು ಹಸಿ ಬಿದಿರು ಬಿದ್ದಿತ್ತು. ಅದರ ಬುಡವನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ, ತುದಿಯನ್ನು ಅಂಗಳದ ಕಂಬದವರೆಗೆ ಬಗ್ಗಿಸಿ, ಬಿಟ್ಟು ಎಡಗಾಡಿಗೆ ಹೊಡೆಸಿದರು. ಅಷ್ಟೇ ಬಗ್ಗಿಸಿ ಬಲಗಾಡಿಗೂ ಹೊಡೆಸಿದರು. ಎಡಗಾಡಿ ಮುಲುಗುತ್ತಾ ಚೂರೇ ಸರಿಯಿತು. ಬಲಗಾಡಿ ಸೊಂಯ್ಯನೆ ಅಂಗಳದ ತುದಿಗೆ ಓಡಿತು. ಕಂಬಳಿ ತೆಗೆದರೆ ಬೆಳ್ಳಿಯ ಕೊಡ! ಅದರೊಳಗೆ ಇಡೀ ಊರು ಪಿಸುಗುಡುತ್ತಿತ್ತು. ಸಾವಂತಿ ಕಿವಿಯಿಟ್ಟು ತನ್ನ ತಾಯಿಯ ಉಸಿರನ್ನು ಗುರುತು ಹಿಡಿದಳು.

ಕೀಲಕನ ಮುಖ ಕಪ್ಪಿಟ್ಟಿತು. "ಕೊಡವನ್ನು ಕೆರೆ ದಾಟಿಸಿ. ಇದೇ ಕೊನೆಯದು," ಎಂದು ಕೋಲು ಬೀಸಿದ. ಕೆರೆಯ ನೀರು ಕನ್ನಡಿಯಂತೆ ಗಟ್ಟಿಯಾಯಿತು. ಎಣ್ಣೆಗಿಂತ ಜಾರು, ಇರುವೆ ಕೂಡ ಅದರ ಮೇಲೆ ಕಾಲೂರಲಾರದು. ಅದರ ನಡುವೆ ಒಂದು ದೋಣಿ, ದೋಣಿಯ ತುಂಬ ಕಬ್ಬಿಣದ ಗುಂಡುಗಳು. ಮೀಟಲು ಹುಟ್ಟಿಲ್ಲ, ಊರಲು ಜಲ್ಲೆಯಿಲ್ಲ, ಎಳೆಯಲು ಹಗ್ಗವಿಲ್ಲ. ಕೋಲು ಇನ್ನೊಮ್ಮೆ ಬೀಸಿತು, ಮಕ್ಕಳು ಕೊಡದ ಸಮೇತ ದೋಣಿಯಲ್ಲಿದ್ದರು, ಜಕ್ಕಲೆ ಊರ ಕಡೆಯ ದಡದಲ್ಲಿದ್ದಳು. ದೋಣಿಯ ಹಿಂದೆ, ದೂರದಲ್ಲಿ, ಕೆರೆ ಕೊನೆಯಾಗುವಲ್ಲಿ ತಳವಿಲ್ಲದ ಪಾತಾಳದ ಬಾಯಿ ತೆರೆದಿತ್ತು.

"ಹೊತ್ತು ಮುಳುಗುವುದರೊಳಗೆ!" ಎಂದ ಕೀಲಕ.

ಈ ಪಾಠವನ್ನು ಜಕ್ಕಲೆ ಮಾಡಿಯೇ ಇರಲಿಲ್ಲ. ಅದು ದೋಣಿಯಲ್ಲಿ ಮಾಡಬೇಕಾದ ಪಾಠ, ಅವಳಿಗೆ ನೀರೆಂದರೆ ಭಯ. ಅವಳ ತಂಗಿ ಇದೇ ಕೆರೆಯಲ್ಲಿ ಮುಳುಗಿದ್ದಳು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಎಂದು ಮುಂದೂಡುತ್ತಲೇ ಬಂದಿದ್ದಳು. ಕಲಿಸದ ಪಾಠಕ್ಕೆ ಮಕ್ಕಳನ್ನು ಬಲಿಕೊಟ್ಟೆನಲ್ಲ ಎಂದು ಅವಳು ದಡದಲ್ಲಿ ಅತ್ತಿಂದಿತ್ತ ಓಡಾಡಿದಳು.

ಮಕ್ಕಳು ಕೈಯಿಂದ ನೀರನ್ನು ತಳ್ಳಲು ನೋಡಿದರು, ಕೈ ಜಾರಿತು. ಕೇತ ದೋಣಿಯೊಳಗೇ ನಿಂತು ದೋಣಿಯನ್ನು ದೂಡಿದ, ಅದು ಮಿಸುಕಲಿಲ್ಲ. ಹೊತ್ತು ಕೆಂಪಾಗಿ ಕೆಳಗಿಳಿಯಿತು. ಮಾಚಿ ಮೊದಲ ಸಲ ಯಾಕೆ ಎನ್ನುವುದನ್ನು ಬಿಟ್ಟು ಅಳತೊಡಗಿದಳು. ಆ ಅಳು ಜಕ್ಕಲೆಗೆ ತಡೆಯಲಾಗಲಿಲ್ಲ. ತುಟಿ ಬಿರಿಯುವುದರಲ್ಲಿತ್ತು. ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು ಮೊಣಕಾಲೂರಿದಳು.

"ಸುಡುಗಾಡು ದೋಣಿ! ಸುಡುಗಾಡು ಗುಂಡು!" ಎಂದು ಕೇತ ಸಿಟ್ಟಿನಿಂದ ಒಂದು ಗುಂಡನ್ನು ಎತ್ತಿ ಪಾತಾಳದ ಕಡೆಗೆ ಬೀಸಿ ಒಗೆದ.

ದೋಣಿ ದಡದ ಕಡೆಗೆ ಒಂದಿಷ್ಟು ಸರಿಯಿತು.

ಮಾಚಿಯ ಅಳು ನಿಂತಿತು. "ಯಾಕ ಸರೀತು?"

"ಇನ್ನೊಂದು ಒಗಿ," ಎಂದಳು ಸಾವಂತಿ.

ಒಗೆದ. ಮತ್ತೆ ಸರಿಯಿತು. "ನಾವು ಗುಂಡನ್ನ ಆ ಕಡೆ ದೂಡಿದ್ರ, ಗುಂಡು ನಮ್ಮನ್ನ ಈ ಕಡೆ ದೂಡತೈತಿ!" ಎಂದು ಸಾವಂತಿ ಕೂಗಿದಳು. ಮೂವರೂ ಗುಂಡು ಒಗೆದದ್ದೇ ಒಗೆದದ್ದು. ಒಂದೊಂದು ಗುಂಡಿಗೂ ದೋಣಿ ಬಿರುಸಾಯಿತು. ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಕೀಲಕ ಸಿಟ್ಟಿನಿಂದ ಕುರುಡಾದ. ತೇಲಿ ಬಂದು ದೋಣಿಯ ಹಿಂದೆ ನಿಂತು ಕೋಲೆತ್ತಿದ. ಮಂತ್ರ ಹೇಳುವ ವ್ಯವಧಾನ ಎಲ್ಲಿಯದು? ಇದ್ದ ಶಕ್ತಿಯನ್ನೆಲ್ಲ ಹಾಕಿ ಕೋಲನ್ನೇ ಮಕ್ಕಳ ಮೇಲೆ ಎಸೆದುಬಿಟ್ಟ. ಸಾವಂತಿ ಮಾಚಿಯನ್ನು ಅಪ್ಪಿಕೊಂಡು ಬಗ್ಗಿದಳು. ಕೋಲು ದೋಣಿಯ ಹಿಂಬದಿಗೆ ನಾಟಿ, ದೋಣಿಯನ್ನು ಇನ್ನಷ್ಟು ಜೋರಾಗಿ ದಡಕ್ಕೆ ನೂಕಿತು.

ಕೀಲಕನೋ? ಕೋಲು ಮುಂದಕ್ಕೆ ಹೋದಾಗಲೇ ಅವನು ಹಿಂದಕ್ಕೆ ಹೊರಟಿದ್ದ. ಎಸೆದ ಕೋಲಿನ ಜೊತೆ ತೇಲುವ ಬಲವೂ ಹೋಗಿತ್ತು. ಅವನು ತಾನೇ ಮಾಡಿದ ಕನ್ನಡಿಯ ಮೇಲೆ ಜಾರುತ್ತಿದ್ದ. ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

"ನಿಲ್ಲು! ನಿಲ್ಲು!" ಎಂದು ತನಗೆ ತಾನೇ ಕೂಗಿಕೊಂಡ. ಲೋಕವನ್ನೆಲ್ಲ ನಿಲ್ಲಿಸಿದವನಿಗೆ ತನ್ನನ್ನು ನಿಲ್ಲಿಸಿಕೊಳ್ಳಲು ಆಗಲಿಲ್ಲ. ಪಾತಾಳದ ಬಾಯಿ ಅವನನ್ನು ನುಂಗಿತು.

ದೋಣಿ ದಡಕ್ಕೆ ಬಡಿಯಿತು, ಕೊಡ ಉರುಳಿತು, ಊರಿನ ಉಸಿರು ಭರ್ರನೆ ಮನೆಗಳಿಗೆ ಹಾರಿತು. ಅರಸನ ತುತ್ತು ಬಾಯಿ ಸೇರಿತು. ಉಯ್ಯಾಲೆ ಇಳಿಯಿತು. ಸಾವಂತಿಯ ತಾಯಿ ತಟ್ಟುತ್ತಿದ್ದ ರೊಟ್ಟಿಯನ್ನು ಬಿಟ್ಟು, "ಹೊತ್ತು ಮುಳುಗಾಕ ಬಂತು, ಹುಡುಗಿ ಎಲ್ಲಿ ಹೋದ್ಲು?" ಎಂದು ಬೈಯುತ್ತಾ ಕೆರೆಯ ಕಡೆ ಓಡಿಬಂದಳು. ಜಗತ್ತಿನಲ್ಲಿ ಅಷ್ಟು ಇಂಪಾದ ಬೈಗುಳವನ್ನು ಸಾವಂತಿ ಕೇಳಿರಲಿಲ್ಲ.

ಜಕ್ಕಲೆ ನೀರು ಉಗುಳಿ, ಮೂವರನ್ನೂ ತಬ್ಬಿಕೊಂಡು ಗೊಳೋ ಎಂದು ಅತ್ತಳು. "ನಾ ಈ ಪಾಠ ನಿಮಗ ಹೇಳೇ ಇರ್ಲಿಲ್ಲಲ್ರೋ, ಮಕ್ಕಳಾ..."

"ಹೇಳಿದ್ರೂ ಅಷ್ಟ, ಬಿಡ್ರಿ ಅಕ್ಕೋರೇ," ಎಂದಳು ಮಾಚಿ ಮೂಗು ಒರೆಸಿಕೊಳ್ಳುತ್ತಾ. "ನೀವು ಹೆಂಗೂ ಬಾಯಾಗ ನೀರು ಹಾಕ್ಕೊಂಡ ಕುಂದರ್ತಿದ್ರಿ."

ಅಳುತ್ತಿದ್ದ ಜಕ್ಕಲೆಗೆ ನಗು ಬಂತು. ಅಲ್ಲಿಂದಾಚೆ ಹೊನ್ನಗಾಲಿಯಲ್ಲಿ ಗಾಡಿಗಳು ಉರುಳಿದವು, ಮಕ್ಕಳು ಬೆಳೆದರು, ಅರಸನಿಗೂ ಕಣ್ತುಂಬ ನಿದ್ದೆ ಬಂತು.